ಹವಾಲಾದಲ್ಲಿ ದುಡ್ಡು ನಿಜವಾಗಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ? ಗೊತ್ತಿದ್ದವರು ಬಿಡಿಸಿ ಹೇಳಿ

ಠಾಕುರ್ಲಿ_ಸ್ಲೋ
ಎಲ್ರಿಗೂ ನಮಸ್ಕಾರ. ನಮ್ಮ ಭಾವ ಶಾರ್ಜಾದಲ್ಲಿದ್ದಾರೆ, ಅಕ್ಕ ಕಲ್ಯಾಣದಲ್ಲಿ, ಫ್ಲ್ಯಾಟ್ ಕೆಲಸ ನಡೀತಿದೆ, ಕಾಂಟ್ರ್ಯಾಕ್ಟರ್‌ಗೆ ಕ್ಯಾಶೇ ಬೇಕಂತೆ. ಭಾವನ ರೂಮಿನವರು ಯಾರೋ ತಲೆಗೆ ಹುಳ ಬಿಟ್ಟಿದ್ದಾರೆ, ಬ್ಯಾಂಕು ಎಕ್ಸ್‌ಚೇಂಜು ಎಲ್ಲ ಯಾಕೆ, ಇಲ್ಲೊಂದು ಅಂಗಡಿಗೆ ದಿರ್ಹಮ್ ಕೊಟ್ರೆ ಸಂಜೆಯೊಳಗೆ ಮುಂಬೈನ ಮಸ್ಜಿದ್ ಬಂದರ್‌ನಲ್ಲಿ ರೂಪಾಯಿ ಸಿಗುತ್ತೆ, ರೇಟೂ ಜಾಸ್ತಿ, ಕಮಿಷನ್ನೂ ಇಲ್ಲ ಅಂತ. ಹೋಗಿ ಇಸ್ಕೊಂಡು ಬರೋ ಕೆಲ್ಸ ನಂದಂತೆ. ಇದು ಕಾನೂನಿಗೆ ವಿರುದ್ಧ ಅಂತ ಗೊತ್ತು, ಅದಕ್ಕೆ ಬೈಬೇಡಿ, ನಂಗೆ ತಲೆಗೆ ಹೋಗ್ದಿರೋದು ಬೇರೆ. ಅಲ್ಲಿಯವನು ದಿರ್ಹಮ್ ಇಟ್ಕೊಂಡ, ಇಲ್ಲಿಯವನು ರೂಪಾಯಿ ಕೊಟ್ಟ, ಮಧ್ಯೆ ಸಮುದ್ರ ಏನೂ ದಾಟ್ಲಿಲ್ಲ. ಹಾಗಾದ್ರೆ ಇಲ್ಲಿಯವನು ಬ್ಯಾಂಕಿಗಿಂತ ಜಾಸ್ತಿ ರೇಟ್ ಕೊಟ್ಟು ಕಮಿಷನ್ ತಗೊಳ್ದೆ ಧರ್ಮಕ್ಕೆ ಯಾಕೆ ಮಾಡ್ತಾನೆ?

ಕುಡ್ಲ_ಟು_ಕುರ್ಲಾ
ಧರ್ಮಕ್ಕೆ ಎಂತದೂ ಇಲ್ಲ ಮಾರಾಯ್ರೆ. ನಾನು ದುಬೈ ದೇರಾದಲ್ಲಿ ಬಟ್ಟೆ ಟ್ರೇಡಿಂಗ್ ಆಫೀಸಲ್ಲಿ ಅಕೌಂಟ್ಸ್ ಬರೀತಿದ್ದೆ, ಕಣ್ಣೆದುರು ನೋಡಿದ್ದು ಹೇಳ್ತೇನೆ. ಲೆಕ್ಕ ಸುಲಭ ಆಗ್ಲಿಕ್ಕೆ ದಿರ್ಹಮಿಗೆ 24 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಮ್ಮ ಭಾವ 25,000 ದಿರ್ಹಮ್ ಕೊಟ್ರು, ಅಂದ್ರೆ 6 ಲಕ್ಷ. ಅಂಗಡಿಯವ ಮುಂಬೈಗೆ ಫೋನ್ ಮಾಡ್ತಾನೆ. ನಿಮ್ಮ ಹತ್ರ ಒಂದು ಹತ್ತು ರೂಪಾಯಿ ನೋಟಿನ ಫೋಟೋ ಕೇಳ್ತಾರೆ, ಅದರ ನಂಬರೇ ಗುರುತು. ನೀವು ಆ ನೋಟು ತಕ್ಕೊಂಡು ಹೋಗಿ ಕೊಟ್ರೆ ಆಯ್ತು, 6 ಲಕ್ಷ ಕೈಗೆ. ನೋಟು ಅವನ ಹತ್ರವೇ ಉಳೀತದೆ, ಹಣ ಕೊಟ್ಟದ್ದಕ್ಕೆ ಅವನಿಗೆ ಅದೇ ರಸೀದಿ. ನಿಮ್ಮ ಮಟ್ಟಿಗೆ ಕತೆ ಮುಗೀತು, ಆದ್ರೆ ಶಾರ್ಜಾದವನು ಮುಂಬೈಯವನಿಗೆ 6 ಲಕ್ಷ ಬಾಕಿ ಅಲ್ವಾ. ಆ ಬಾಕಿ ಹೇಗೆ ತೀರುದು ಅಂತ ಹಿಡಿದುಕೊಂಡು ಹೋದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಉಂಟು.

ಮುಂಬೈಯಲ್ಲಿ ಒಬ್ಬ ಇಂಪೋರ್ಟರ್ ಇದ್ದಾನೆ ಅಂತ ಹೇಳಿ. ದುಬೈಯಿಂದ 1 ಕೋಟಿಯ ಮಾಲು ತರಿಸ್ತಾನೆ, ಕಸ್ಟಮ್ಸ್ ಡ್ಯೂಟಿ ಉಳಿಸ್ಲಿಕ್ಕೆ ಬಿಲ್ಲು 60 ಲಕ್ಷಕ್ಕೆ ಮಾಡಿಸ್ತಾನೆ. 60 ಲಕ್ಷ ಬ್ಯಾಂಕಿಂದ ಹೋಯ್ತು. ಉಳಿದ 40 ಲಕ್ಷ? ಅದನ್ನು ಬ್ಯಾಂಕಿಂದ ಕಳಿಸ್ಲಿಕ್ಕೆ ಆಗುದಿಲ್ಲ, ಬಿಲ್ಲೇ ಇಲ್ಲ. ಆದ್ರೆ ದುಬೈ ಪಾರ್ಟಿಗೆ ಕೊಡ್ಲೇಬೇಕು, ದಿರ್ಹಮಲ್ಲೇ ಕೊಡ್ಬೇಕು. ಅವ ಮಸ್ಜಿದ್ ಬಂದರಿಗೆ ಬಂದು ರೂಪಾಯಿ ಕೊಡ್ತಾನೆ, ಅಲ್ಲಿ ನಿಮ್ಮ ಭಾವ ಕೊಟ್ಟ ದಿರ್ಹಮ್ ಅವನ ಪಾರ್ಟಿಗೆ ಹೋಗ್ತದೆ. ನಿಮ್ಮ ಕೈಗೆ ಬಂದದ್ದು ಅವನ ರೂಪಾಯಿ. ಈ ದಾರಿ ಬಿಟ್ರೆ ಅವನಿಗೆ ಬೇರೆ ಗತಿ ಇಲ್ಲ, ಹಾಗಾಗಿ ದಿರ್ಹಮಿಗೆ ಬ್ಯಾಂಕಿಗಿಂತ ಎಷ್ಟೋ ಜಾಸ್ತಿ ಕೊಡ್ಲಿಕ್ಕೂ ಅವ ತಯಾರು. ಆ ಜಾಸ್ತಿಯಲ್ಲಿ ಸ್ವಲ್ಪ ಎರಡು ಕಡೆಯ ಹವಾಲಾದವರು ತಿಂತಾರೆ, ಸ್ವಲ್ಪ ನಿಮ್ಮ ಭಾವನಿಗೆ ಒಳ್ಳೆ ರೇಟ್ ಅಂತ ಬರ್ತದೆ. ಕಮಿಷನ್ ಇಲ್ಲ ಅಂತ ಯಾರು ಹೇಳಿದ್ದು, ಉಂಟು, ಕೊಡುವವ ಆ ಇಂಪೋರ್ಟರ್.

ಠಾಕುರ್ಲಿ_ಸ್ಲೋ
ಅಬ್ಬಾ, ಈಗ ಸ್ವಲ್ಪ ಬೆಳಕು ಬಿತ್ತು. ಅಂದ್ರೆ ಭಾವನ ದಿರ್ಹಮ್ಮು ಇವರಿಗೆ ಮಾಲು.

ಕುಡ್ಲ_ಟು_ಕುರ್ಲಾ
ಹೌದು, ಅದೇ ಮಾಲು. ಚಿನ್ನದ ವಿಷಯ ನೋಡಿದ್ರೆ ಇನ್ನೂ ಚಂದ ಗೊತ್ತಾಗ್ತದೆ. ಚಿನ್ನದ ಡ್ಯೂಟಿ 2013ರಲ್ಲಿ 10 ಪರ್ಸೆಂಟ್ ಆಯ್ತು, 2022 ಜುಲೈಯಲ್ಲಿ 15ರ ವರೆಗೆ ಹೋಯ್ತು, 2024 ಜುಲೈಯಲ್ಲಿ 6ಕ್ಕೆ ಇಳಿಸಿದ್ರು. ಡ್ಯೂಟಿ ಜಾಸ್ತಿ ಇದ್ದಾಗ ಬಿಸ್ಕತ್ತು ಕದ್ದು ತರುವವನಿಗೆ ಲಾಭ ಜಾಸ್ತಿ, ಅವನಿಗೆ ದುಬೈಯಲ್ಲಿ ಚಿನ್ನ ಕೊಳ್ಳಲಿಕ್ಕೆ ದಿರ್ಹಮ್ ಬೇಕು, ಅವ ರೇಟ್ ಏರಿಸ್ತಾನೆ. ಡೆಲ್ಲಿಯಲ್ಲಿ ಬಜೆಟ್ ಓದುವಾಗ ಶಾರ್ಜಾದ ಕಿರಾಣಿ ಅಂಗಡಿಯಲ್ಲಿ ರೇಟ್ ಅಲ್ಲಾಡುದು ಹೀಗೆ.

ಹಳೇ_ಫೋರ್ಟ್
ಚರ್ಚೆ ನೋಡಿ ಖುಷಿಯಾಯಿತು. ನಾನು ಚಿಕ್ಕ ಪ್ರಾಯದಲ್ಲಿ ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವ. ನಮ್ಮ ಮಟ್ಟಿಗೆ ಇದು ದುಬೈಯಿಂದ ಬಂದ ವಿದ್ಯೆ ಏನೂ ಅಲ್ಲ. ಆಗ ಊರಿಗೆ ಹಣ ಕಳಿಸುವುದೆಂದರೆ ಪೋಸ್ಟಿನ ಮನಿ ಆರ್ಡರ್, ಫಾರ್ಮಿನ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತು, ಕಮಿಷನ್ 20 ರೂಪಾಯಿಗೆ 1 ರೂಪಾಯಿ ಅಂದರೆ ನೂರಕ್ಕೆ ಐದು. ಸಂಬಳವೇ ಅಷ್ಟಕ್ಕಷ್ಟೆ, ಅದರಲ್ಲಿ ಐದು ಪರ್ಸೆಂಟ್ ಯಾರಿಗೆ ಬೇಕು ಹೇಳಿ. ನಮ್ಮ ಹೋಟೆಲಿನ ಧನಿಗಳ ಹತ್ತಿರ ಉದ್ದದ ಖಾತೆ ಪುಸ್ತಕ ಇತ್ತು. ಹುಡುಗರ ಸಂಬಳ ಅದರಲ್ಲೇ ಜಮಾ, ಎಣ್ಣೆ ಸೋಪು ಸಿನೆಮಾ ಅಂತ ತೆಗೆದದ್ದು ಅದರಲ್ಲೇ ಖರ್ಚು. ಅಪ್ಪನಿಗೆ ಹಣ ಬೇಕಾದರೆ ನಾನು ಧನಿಗಳಿಗೆ ಹೇಳುವುದು, ಧನಿಗಳು ಊರಿನಲ್ಲಿರುವ ಅವರ ತಮ್ಮನಿಗೆ ಕಾಗದ ಬರೆಯುವುದು, ತಮ್ಮ ಗೇಣಿ ಬಂದ ಹಣದಿಂದಲೋ ತೆಂಗಿನಕಾಯಿ ಮಾರಿದ್ದರಿಂದಲೋ ಅಪ್ಪನ ಕೈಗೆ ಕೊಡುವುದು. ಧನಿಗಳ ಊರಿನ ಆದಾಯ ಮುಂಬೈಗೆ ಬಂದ ಹಾಗಾಯಿತು, ನನ್ನ ಮುಂಬೈ ಸಂಬಳ ಊರಿಗೆ ಹೋದ ಹಾಗಾಯಿತು, ಒಂದು ನೋಟೂ ಘಟ್ಟ ಇಳಿಯಲಿಲ್ಲ. ಕಮಿಷನ್ ಇಲ್ಲ. ಆದರೆ ಧನಿಗಳ ಮಾತು ಮೀರಿ ಬೇರೆ ಹೋಟೆಲಿಗೆ ಹೋಗುವಂತೆಯೂ ಇಲ್ಲ, ಏಕೆಂದರೆ ನಮ್ಮ ಗಂಟು ಅವರ ಪುಸ್ತಕದಲ್ಲಿ! ಅದನ್ನು ಈಗ ಯಾರೂ ಹೇಳುವುದಿಲ್ಲ, ಧನಿಗಳು ದೇವರಂಥವರು ಅಂತ ಮಾತ್ರ ಹೇಳುತ್ತಾರೆ. ದೇವರಂಥವರು ಇದ್ದರು, ಲೆಕ್ಕ ಮುಳುಗಿಸಿದವರೂ ಇದ್ದರು.

ಊರಿಗೆ ಹೋಗುವ ಬಸ್ಸಿನ ಡ್ರೈವರ್ ಕ್ಲೀನರ್ ಕೈಯಲ್ಲೂ ಲಕೋಟೆ ಕಳಿಸುತ್ತಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಆದಮೇಲೆ ಊರಿಗೆ ಹೋಗುವ ಪರಿಚಯದವರು ವಾರವಾರ ಸಿಗತೊಡಗಿದರು, ಅದೂ ಕಡಿಮೆಯಾಯಿತು.

ಪುಣೆ_ಗಡಿನಾಡು
ಫೋರ್ಟ್ ಕಾಕಾರು ಹೇಳಿದ್ದು ನಮ್ಮ ಕಡಿ ಇನ್ನೂ ನಡದೈತಿ ನೋಡ್ರಿ. ನಾ ಇಲ್ಲಿ ವಾಕಡ್ ಹಿಂಜವಡಿ ಕಡೆ ಸೈಟ್ ಸೂಪರ್‌ವೈಜರ್. ಯಾದಗಿರಿ ಕಲಬುರ್ಗಿ ವಿಜಯಪುರ ಕಡಿ ಮಂದಿ ಗುಂಪು ಗುಂಪು ಬರ್ತಾರ, ಮುಕಾದಮ್ ಅಂದ್ರ ಕೂಲಿ ಗುಂಪಿನ ಮೇಸ್ತ್ರಿ, ಅವನ ಕೈಯಾಗ ಎಲ್ಲಾ. ವಾರದ ಖರ್ಚಿಗಿ ಅಂತ ಸ್ವಲ್ಪ ಕೊಡ್ತಾನ, ಉಳದ ರೊಕ್ಕ ಅವನ ಹಂತೇಕ ಇರ್ತೈತಿ. ಊರಾಗ ಮುದುಕಿಗಿ ಗುಳಿಗಿ ತರಾಕ ರೊಕ್ಕ ಬೇಕಂದ್ರ ಮುಕಾದಮ್ ಊರಾಗಿನ ಕಿರಾಣಿ ಅಂಗಡಿಯಾವಗ ಫೋನ್ ಹಚ್ಚತಾನ, "ಅವರ ಮನಿಗಿ ಎರಡ ಸಾವಿರ ಕೊಡು, ನನ್ನ ಲೆಕ್ಕಕ ಹಾಕ್ಕೊ". ಕಿರಾಣಿಯಾವ ಅರ್ಧಾ ರೊಕ್ಕ ಅರ್ಧಾ ಜ್ವಾಳ ಎಣ್ಣಿ ಕೊಟ್ಟ ಕಳಸ್ತಾನ, ಅಲ್ಲೇ ಅವಂದೊಂದ ಲಾಭ. ಬ್ಯಾಂಕ್ ಯಾಕ ಹೋಗೂದಿಲ್ಲ ಅಂತ ಕೇಳಬ್ಯಾಡ್ರಿ. ಬ್ಯಾಂಕ್ ತೆರೆಯೂ ಹೊತ್ತಿಗಿ ಇವರು ಸ್ಲ್ಯಾಬಿನ ಮ್ಯಾಲ, ಸ್ಲ್ಯಾಬಿನಿಂದ ಇಳಿಯೂ ಹೊತ್ತಿಗಿ ಬ್ಯಾಂಕ್ ಬಂದ್.

ಆಮ್ಯಾಲ ಮನಿ ಟ್ರಾನ್ಸ್‌ಫರ್ ಅಂತ ಬೋರ್ಡ್ ಹಾಕಿದ ಅಂಗಡಿ ಬಂದ್ವು, ಮೊಬೈಲ್ ರಿಚಾರ್ಜ್ ಮಾಡಾವ್ರೇ ಬ್ಯಾಂಕಿನ ಏಜೆಂಟ್. ಕ್ಯಾಶ್ ಕೊಟ್ರ ಊರಿನ ಅಕೌಂಟಿಗೆ ಕ್ಷಣದಾಗ ಹೋಗ್ತೈತಿ, ಒಂದ ಸಲಕ್ಕ 5000 ತಿಂಗಳಿಗಿ 25,000 ಅಂತ ಮಿತಿ ಇತ್ತು. ಮುಕಾದಮ್ಮನ ಹಿಡಿತ ಸಡಲಾಗಿದ್ದು ಅವಾಗ. ಈಗ ಹುಡುಗ್ರು ಫೋನ್‌ಪೇ ಗೂಗಲ್‌ಪೇ ಮಾಡ್ತಾರ, ಆದ್ರ ಹೆಣ್ಮಕ್ಕಳ ಕೂಲಿ ಇನ್ನೂ ಗಂಡನ ಇಲ್ಲಾ ಮುಕಾದಮ್ಮನ ಕೈಯಾಗನ ಐತಿ, ಅವರ ಹೆಸರಿಲೆ ಫೋನ್ ಇಲ್ಲ ಏನಿಲ್ಲ.

ಮಾಟುಂಗಾ_ಕ್ಯಾಷಿಯರ್
ನಮ್ ಹೋಟೆಲಲ್ಲಿ ಈಗ ಊರಿನ ಹುಡುಗರೇ ಇಲ್ಲ ಸರ್, ಅಡುಗೆಮನೆ ಪೂರಾ ನೇಪಾಳದವರು. ಅವರಿಗೆ ಅಂತ ರಿಸರ್ವ್ ಬ್ಯಾಂಕಿನ ಭಾರತ-ನೇಪಾಳ ರೆಮಿಟೆನ್ಸ್ ಸ್ಕೀಮೇ ಇದೆ, 2021ರಲ್ಲಿ ಒಂದು ಸಲದ ಮಿತಿ 50,000ದಿಂದ 2 ಲಕ್ಷಕ್ಕೆ ಏರಿಸಿದ್ರು. ಆದ್ರೂ ಅರ್ಧ ಜನ ಊರಿಗೆ ಹೊರಟಿರೋ ನಮ್ಮೂರವನು ಅಂತ ಅವನ ಕೈಲೇ ಕಳಿಸ್ತಾರೆ. ಸ್ಕೀಮ್ ಇದೆ ಅಂತ ಹೇಳೋರು ಯಾರು ಅವರಿಗೆ?

ಬ್ಯಾಂಕ್_ಬೇಡ
ಇಲ್ಲಿ ಎಲ್ಲರೂ ಹವಾಲಾ ಅಂದ ಕೂಡಲೆ ಕಳ್ಳರು ಸ್ಮಗ್ಲರು ಅಂತ ಶುರು ಮಾಡಿದ್ರಿ. ಸ್ವಾಮಿ ಬ್ಯಾಂಕ್ ಹುಟ್ಟೋಕೆ ಮುಂಚೆ ಈ ದೇಶದ ವ್ಯಾಪಾರ ಎಲ್ಲ ಹುಂಡಿ ಮೇಲೇ, ಅಂದ್ರೆ ಇಂಥವರಿಗೆ ಇಷ್ಟು ಹಣ ಕೊಡಿ ಅಂತ ಬರೆದ ಚೀಟಿ ಮೇಲೇ ನಡೀತಿತ್ತು. ಮುಂಬೈಯಲ್ಲಿ ಲೇವಾದೇವಿ ಮಾಡೋ ಮುಲ್ತಾನಿ ಶರಾಫರು ಇದ್ರು, ಮಾರವಾಡಿಗಳು, ಗುಜರಾತಿಗಳು ಇದ್ರು, ಒಂದು ಚೀಟಿ ಬರೆದು ಕೊಟ್ರೆ ಕಲ್ಕತ್ತಾದಲ್ಲಿ ದುಡ್ಡು. ಎಂಥೆಂಥ ಹುಂಡಿ ಇತ್ತು ಗೊತ್ತಾ, ತೋರಿಸಿದ ಕೂಡಲೆ ಕೊಡಬೇಕಾದ ದರ್ಶನಿ, ಇಷ್ಟು ದಿನ ಆದ್ಮೇಲೆ ಕೊಡೋ ಮುದ್ದತಿ, ಪೇಟೆಯಲ್ಲಿ ಮರ್ಯಾದಸ್ಥ ಅನಿಸಿಕೊಂಡ ಶಾಹನಿಗೆ ಮಾತ್ರ ಕೊಡಬೇಕಾದ ಶಾಹಜೋಗ್, ಹಡಗಿನ ಮಾಲು ಸರಿಯಾಗಿ ತಲುಪಿದ್ರೆ ಮಾತ್ರ ಹಣ ಅನ್ನೋ ಜೋಖ್ಮಿ ಹುಂಡಿ, ಅದು ಇನ್ಶೂರೆನ್ಸೂ ಹೌದು. ಬ್ರಿಟಿಷರು 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟಿಗೆ ಅಂತ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ತಂದಾಗಲೂ ದೇಶೀ ಭಾಷೆಯ ಪತ್ರಗಳ ಪೇಟೆ ಪದ್ಧತಿ ಹಾಗೇ ಇರಲಿ ಅಂತ ಬಿಟ್ರು. ಈಗ ನಮ್ಮದೇ ಸರ್ಕಾರ ಅದನ್ನ ಅಪರಾಧ ಮಾಡಿದೆ, ಬ್ಯಾಂಕಿನವರು ಫಾರಂ ತುಂಬಿಸಿ ಸಾಯಿಸ್ತಾರೆ, ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕ್ತಾರೆ. ಹೊಟ್ಟೆ ಉರಿಯುತ್ತೆ.

ಸಿಎ_ಮುಲುಂಡ್
ಹುಂಡಿ ಇತಿಹಾಸ ಸರಿಯಾಗಿಯೇ ಹೇಳಿದ್ರಿ, ಒಂದು ವಿಷಯ ಬಿಟ್ರಿ. ಹುಂಡಿ ಅನ್ನೋದು ಕಾಗದ ಸಾರ್. ಯಾರು ಬರೆದ್ರು ಯಾರಿಗೆ ಎಷ್ಟು ಅಂತ ಅದರಲ್ಲಿ ಇರುತ್ತೆ, ಹಣ ಕೊಡದೆ ಹೋದ್ರೆ ಕೋರ್ಟಿಗೆ ಹೋಗಬಹುದಿತ್ತು, ಹೋಗಿದ್ದಾರೆ ಕೂಡ. ಇವತ್ತಿನ ಹವಾಲಾ ಇರೋದೇ ಕಾಗದ ಇರಬಾರದು ಅಂತ. ಎರಡನ್ನೂ ಒಂದೇ ವಂಶ ಅನ್ನಿ ಬೇಕಾದ್ರೆ, ಒಂದೇ ವಸ್ತು ಅನ್ನಬೇಡಿ.

ಮೂಲ ಪ್ರಶ್ನೆ ಕೇಳಿದವರಿಗೆ ಕಾನೂನು ಎಲ್ಲಿ ನಿಲ್ಲುತ್ತೆ ಅಂತ ಹೇಳ್ತೀನಿ. ಮೊದಲು ಫೆರಾ ಅಂತ 1973ರ ವಿದೇಶಿ ವಿನಿಮಯ ಕಾನೂನು ಇತ್ತು, ಅದರಲ್ಲಿ ಹಿಡಿದ್ರೆ ನೇರ ಕ್ರಿಮಿನಲ್ ಕೇಸು, ಜೈಲು. ಅದು ಹೋಗಿ 1999ರ ಫೆಮಾ ಬಂತು, 2000 ಜೂನ್ 1ರಿಂದ ಜಾರಿ. ಫೆಮಾ ಸಿವಿಲ್ ಕಾನೂನು, ದಂಡದ ಲೆಕ್ಕ. ಆದ್ರೆ ಅದರ 3ನೇ ಸೆಕ್ಷನ್ ಓದಿ, ಹೊರದೇಶದಲ್ಲಿರೋರ ಪರವಾಗಿ ಬರೋ ಹಣವನ್ನ ಅಧಿಕೃತ ಸಂಸ್ಥೆ ಬಿಟ್ಟು ಬೇರೆ ದಾರಿಯಲ್ಲಿ ಪಡೆದುಕೊಳ್ಳೋದೂ ತಪ್ಪೇ. ಅಂದ್ರೆ ಮಸ್ಜಿದ್ ಬಂದರ್‌ನಲ್ಲಿ ಚೀಲ ಹಿಡ್ಕೊಂಡು ನಿಂತ ನೀವು ಬರೀ ಗಿರಾಕಿ ಅಲ್ಲ. ದಂಡ ಆ ಮೊತ್ತದ ಮೂರು ಪಟ್ಟುವರೆಗೆ, ಹಣ ಜಪ್ತಿ ಬೇರೆ. ಇನ್ನು ಮನಿ ಲಾಂಡರಿಂಗ್, ಅಂದ್ರೆ ಅಪರಾಧದ ಹಣ ಬಿಳಿ ಮಾಡೋದರ ಕಾನೂನು, 2002ರದ್ದು, 2005ರಿಂದ ಜಾರಿ, ಫೆಮಾ ಉಲ್ಲಂಘನೆ ಒಂದೇ ಇದ್ರೆ ಅದು ತಾನಾಗಿ ಬರಲ್ಲ, ಅದಕ್ಕೆ ಹಿಂದೆ ಆ ಕಾನೂನಿನ ಪಟ್ಟಿಯಲ್ಲಿರೋ ಬೇರೆ ಅಪರಾಧ ಬೇಕು. ಮೇಲೆ ಕುರ್ಲಾದವರು ಹೇಳಿದ ಇಂಪೋರ್ಟರ್ ನೆನಪಿದ್ದಾನಲ್ಲ, ಕಸ್ಟಮ್ಸ್ ವಂಚನೆ ಆ ಪಟ್ಟಿಯಲ್ಲಿದೆ, ಡ್ರಗ್ಸ್ ಇದೆ, ಮೋಸ ಇದೆ. ನಿಮ್ಮ ಕೈಗೆ ಬರೋ ನೋಟು ಅವುಗಳಲ್ಲಿ ಯಾವುದರದ್ದು ಅಂತ ನಿಮಗೆ ಗೊತ್ತಿರಲ್ಲ, ನಿಮಗೆ ಕೊಟ್ಟವನಿಗೂ ಎಷ್ಟೋ ಸಲ ಗೊತ್ತಿರಲ್ಲ.

ಇನ್ನೊಂದು, 6 ಲಕ್ಷ ಕ್ಯಾಶ್. ಒಬ್ಬರಿಂದ ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಜಾಸ್ತಿ ನಗದು ತಗೋಬಾರದು ಅಂತ 2017 ಏಪ್ರಿಲ್‌ನಿಂದ ಇನ್‌ಕಮ್ ಟ್ಯಾಕ್ಸ್ ನಿಯಮ, ದಂಡ ಅಷ್ಟೇ ಮೊತ್ತ. ಆ ಕಾಂಟ್ರ್ಯಾಕ್ಟರ್‌ಗೆ ಮೊದಲು ಇದನ್ನ ಹೇಳಿ.

ಬ್ಯಾಂಕ್_ಬೇಡ
ದೊಡ್ಡವರು ಹವಾಲಾ ಮಾಡಿ ಯಾರು ಜೈಲಿಗೆ ಹೋದ್ರು ಸಾರ್? ಜೈನ್ ಡೈರಿ ಏನಾಯ್ತು?

ಸಿಎ_ಮುಲುಂಡ್
ಒಳ್ಳೆ ಪ್ರಶ್ನೆ. 1991ರಲ್ಲಿ ಡೆಲ್ಲಿಯಲ್ಲಿ ಕಾಶ್ಮೀರದ ಉಗ್ರರಿಗೆ ಹವಾಲಾದಲ್ಲಿ ಹಣ ಬರ್ತಿದ್ದ ಜಾಡು ಹಿಡಿದು ಹೋಗಿ ಜೈನ್ ಸಹೋದರರ ಮೇಲೆ ದಾಳಿ ಆದಾಗ ಡೈರಿ ಸಿಕ್ತು, ಅದರಲ್ಲಿ ರಾಜಕಾರಣಿಗಳ ಹೆಸರಿನ ಮೊದಲ ಅಕ್ಷರಗಳು, ಮುಂದೆ ಮೊತ್ತ. ಬಿಡಿ ಹಾಳೆ ಡೈರಿ ಒಂದನ್ನೇ ಇಟ್ಕೊಂಡು ಶಿಕ್ಷೆ ಆಗಲ್ಲ ಅಂತ ಕೋರ್ಟಲ್ಲಿ ಕೇಸುಗಳು ಬಿದ್ದುಹೋದ್ವು. ಹವಾಲಾದವರ ಲೆಕ್ಕ ಬರೆಯೋ ಶೈಲಿಯೇ ಅವರ ವಕೀಲ ಅನ್ನಿ. ಆದ್ರೆ ಅದೇ ಗಲಾಟೆಯಿಂದ 1997 ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ವಿನೀತ್ ನಾರಾಯಣ್ ತೀರ್ಪು ಬಂತು, ಸಿಬಿಐ, ಇಡಿ (ಜಾರಿ ನಿರ್ದೇಶನಾಲಯ) ಮುಖ್ಯಸ್ಥರಿಗೆ ಕನಿಷ್ಠ ಎರಡು ವರ್ಷದ ಅವಧಿ ಅನ್ನೋದು ಅಲ್ಲಿಂದ ಶುರು. ನೀವು ಹೇಳೋದು ಅರ್ಧ ನಿಜ, ದೊಡ್ಡವರು ತಪ್ಪಿಸ್ಕೊಂಡ್ರು. ಠಾಕುರ್ಲಿಯವರ ಹತ್ರ ಅಷ್ಟು ದೊಡ್ಡ ವಕೀಲರು ಇಲ್ಲ ಅಂತ ನನ್ನ ಅಂದಾಜು.

ಠಾಕುರ್ಲಿ_ಸ್ಲೋ
ಇಲ್ಲ ಸಾರ್ 😅 ಸೊಸೈಟಿ ಪಾರ್ಕಿಂಗ್ ಕೇಸಿಗೇ ವಕೀಲರು ಸಿಕ್ಕಿಲ್ಲ. ಇನ್ನೊಂದು ಡೌಟು. ಆಂಗಡಿಯಾ ಅಂತಾರಲ್ಲ, ಅದೂ ಇದೇನಾ?

ಜವೇರಿ_ಲೆಕ್ಕಿಗ
ಇದಕ್ಕೆ ನಾನು ಹೇಳ್ಬಹುದು, ವಜ್ರದ ಪೇಟೆಯಲ್ಲೇ ಲೆಕ್ಕ ಬರೆದು ಕೂದಲು ಬಿಳಿ ಮಾಡ್ಕೊಂಡವನು, ಮೊದಲು ಆಪೆರಾ ಹೌಸ್ ಪಂಚರತ್ನದಲ್ಲಿ, 2010ರಲ್ಲಿ ಬಿಕೆಸಿಯ ಭಾರತ್ ಡೈಮಂಡ್ ಬೋರ್ಸ್ ಶುರುವಾದ ಮೇಲೆ ಅಲ್ಲಿ. ಆಂಗಡಿಯಾ ಬೇರೆ, ಹವಾಲಾ ಬೇರೆ. ಆಂಗಡಿಯಾ ಅಂದ್ರೆ ಮೂಲತಃ ಕೊರಿಯರ್. ಮುಂಬೈಯಿಂದ ಸೂರತ್, ಅಹಮದಾಬಾದ್, ಭಾವನಗರ, ರಾಜಕೋಟ್ ಅಂತ ರಾತ್ರಿ ರೈಲಲ್ಲಿ ಮನುಷ್ಯ ಹೋಗ್ತಾನೆ, ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಕೋಟಿ ಬೆಲೆಯ ವಜ್ರದ ಪೊಟ್ಟಣ. ಸೂರತ್‌ನಲ್ಲಿ ಪಾಲಿಶ್ ಆದ ಹರಳು ಬೆಳಗ್ಗೆ ಇಲ್ಲಿ ಬೋರ್ಸಿನ ಟೇಬಲ್ ಮೇಲೆ ಇರುತ್ತೆ ಅಂದ್ರೆ ಅದು ಅವರದ್ದೇ ಕೆಲಸ. ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ, ಪೇಟೆಯವರೆಲ್ಲ ಹಾಡಹಗಲೇ ಬಳಸೋ ಸೇವೆ.

ಸಮಸ್ಯೆ ಎಲ್ಲಿ ಅಂದ್ರೆ ಅದೇ ಆಫೀಸಲ್ಲಿ ಕ್ಯಾಶೂ ತಗೋತಾರೆ. ಇಲ್ಲಿ ಭುಲೇಶ್ವರದಲ್ಲಿ ಕೊಟ್ರೆ ಸೂರತ್ ಬ್ರಾಂಚಲ್ಲಿ ಕೊಡ್ತಾರೆ, ಲಕ್ಷಕ್ಕೆ ಇಷ್ಟು ಅಂತ ಚಾರ್ಜು, ಹತ್ತಿರದ ಊರಿಗೆ ಕಡಿಮೆ ದೂರಕ್ಕೆ ಜಾಸ್ತಿ. ಎಲ್ಲ ಕ್ಯಾಶೂ ರೈಲು ಹತ್ತಲ್ಲ, ಎರಡೂ ಕಡೆ ಬಂದದ್ದು ಹೋದದ್ದು ವಜಾ ಹಾಕಿ ಉಳಿದ ವ್ಯತ್ಯಾಸ ಮಾತ್ರ ಹೋಗುತ್ತೆ. ದೇಶದೊಳಗೇ ಆದ್ದರಿಂದ ಫೆಮಾ ಬರಲ್ಲ, ಆದ್ರೆ ಲೆಕ್ಕಕ್ಕೆ ಸಿಗದ ಹಣ ಆದ್ರೆ ಇನ್‌ಕಮ್ ಟ್ಯಾಕ್ಸಿನವರು ಬಿಡಲ್ಲ. ಚುನಾವಣೆ ಬಂತು ಅಂದ್ರೆ ನಾಕಾಬಂದಿಯಲ್ಲಿ ಇವರ ಗಾಡಿ ಮೊದಲು ನಿಲ್ಸೋದು.

ಇನ್ನು ನಂಬಿಕೆ ವಿಷಯ. ಯಾರನ್ನೋ ಕೆಲಸಕ್ಕೆ ಇಟ್ಕೊಳ್ಳಲ್ಲ ಅವರು. ಉತ್ತರ ಗುಜರಾತಿನ ಅವರದ್ದೇ ಊರು, ಅವರದ್ದೇ ನೆಂಟರು. ಹುಡುಗ ಒಂದು ಪೊಟ್ಟಣ ಎತ್ಕೊಂಡು ಓಡಿದ್ರೆ ಅವನ ತಂಗಿ ಮದುವೆ ನಿಲ್ಲುತ್ತೆ, ಅಪ್ಪ ಊರಲ್ಲಿ ತಲೆ ಎತ್ತಿ ನಡೆಯೋ ಹಾಗಿಲ್ಲ. ನಾವು ಅದನ್ನ ನಂಬಿಕೆ ಅಂತ ಹಾಡಿ ಹೊಗಳ್ತೀವಿ, ನನಗನ್ಸೋದು ಅದರಲ್ಲಿ ಮುಕ್ಕಾಲು ಭಾಗ ಭಯ. ಹೊರಗಿನಿಂದ ತೊಂದ್ರೆ ಆದ್ರೆ ದೂರು ಕೊಡೋಕೂ ಹಿಂದೆಮುಂದೆ ನೋಡ್ಬೇಕು. 2022ರಲ್ಲಿ ಇದೇ ಆಂಗಡಿಯಾಗಳನ್ನ ಹಿಡಿದು ವಸೂಲಿ ಮಾಡಿದ್ರು ಅಂತ ದಕ್ಷಿಣ ಮುಂಬೈಯ ಕೆಲವು ಪೊಲೀಸರ ಮೇಲೇ ಕೇಸಾಗಿ ಅರೆಸ್ಟ್ ಆಯ್ತಲ್ಲ, ಅವರಿಗೆ ಧೈರ್ಯ ಬಂದದ್ದು ಹೇಗೆ ಅಂದ್ರೆ ಇವರು ಬಾಯಿ ಬಿಡಲ್ಲ ಅನ್ನೋ ಲೆಕ್ಕದಲ್ಲೇ.

ಹಳೇ_ಫೋರ್ಟ್
ಭಯ ಅಂತ ಹೇಳಿದ್ದು ಸರಿ. ನಮ್ಮ ಧನಿಗಳ ಪುಸ್ತಕವೂ ಅದರ ಮೇಲೇ ನಡೆದದ್ದು, ಎರಡೂ ಕಡೆಯ ಭಯ.

ಅಂಧೇರಿ_ಆಯಿ
ನಾನು ಸುಮ್ನೆ ಓದ್ತಾ ಇದ್ದೆ, ಈಗ ಕೇಳ್ಬೇಕು ಅನ್ನಿಸ್ತು. ಮಗ ಮೆಲ್ಬೋರ್ನ್‌ನಲ್ಲಿ ಎಂಎಸ್ ಮಾಡ್ತಿದ್ದಾನೆ. ಒಬ್ಬ ಏಜೆಂಟ್, ಯಾರಂತ ಬೇಡ, ಹೇಳ್ದ ಮೇಡಂ ಬ್ಯಾಂಕಿಂದ ಕಳಿಸಿದ್ರೆ ಟಿಸಿಎಸ್ ಅಂತ ಟ್ಯಾಕ್ಸ್ ಅಲ್ಲೇ ಕಟ್ಟಾಗುತ್ತೆ, ನೀವು ನನಗೆ ಇಲ್ಲಿ ಕ್ಯಾಶ್ ಕೊಡಿ, ಅಲ್ಲಿ ನಮ್ಮವರು ಮಗನ ಅಕೌಂಟಿಗೆ ಡಾಲರ್ ಹಾಕ್ತಾರೆ ಅಂತ. ಇಲ್ಲಿ ಹೇಳಿದ್ದರ ಉಲ್ಟಾ ಅಲ್ವಾ ಇದು? ಮಗನಿಗೇನಾದ್ರೂ ತೊಂದ್ರೆ ಇದ್ಯಾ?

ಕುಡ್ಲ_ಟು_ಕುರ್ಲಾ
ಮೇಡಂ ಬೇಡ. ಖಂಡಿತ ಬೇಡ. ನೀವು ಈಗ ಆ ಇಂಪೋರ್ಟರ್ ಜಾಗದಲ್ಲಿ ನಿಂತಿದ್ದೀರಿ, ಅಲ್ಲಿ ಡಾಲರ್ ಹಾಕುವವ ಯಾರು ಅಂತ ಯೋಚನೆ ಮಾಡಿ. ಆಸ್ಟ್ರೇಲಿಯಾದಲ್ಲಿ ಕ್ಯಾಶ್ ಇದ್ದು ಅದನ್ನು ಬ್ಯಾಂಕಿಗೆ ಹಾಕ್ಲಿಕ್ಕೆ ಆಗದವ, ಡ್ರಗ್ಸ್ ಮಾರುವವ ಆಗಿರ್ಬಹುದು. ಅವ ಅವನ ಗಲೀಜು ಕ್ಯಾಶನ್ನು ಸಣ್ಣ ಸಣ್ಣ ಭಾಗ ಮಾಡಿ ನಿಮ್ಮ ಮಗನ ಅಕೌಂಟಿಗೆ ಹಾಕ್ತಾನೆ, ಅವನಿಗೆ ಅದರ ಬದಲು ಇಲ್ಲಿ ನಿಮ್ಮ ಸ್ವಚ್ಛ ರೂಪಾಯಿ ಸಿಗ್ತದೆ. ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟ ಹಾಗೆ. ಅಲ್ಲಿಯ ಪೊಲೀಸರು ಇದಕ್ಕೆ ಕೋಗಿಲೆಯದ್ದೇ ಹೆಸರು ಇಟ್ಟಿದ್ದಾರೆ. ಕೇಸಾದ್ರೆ ಮೊದಲು ಫ್ರೀಜ್ ಆಗುದು ಮಗನ ಅಕೌಂಟು, ಅವ ಸ್ಟೂಡೆಂಟ್ ವೀಸಾದಲ್ಲಿ ಇರುವವ.

ಸಿಎ_ಮುಲುಂಡ್
ಮೇಡಂ, ಆ ಏಜೆಂಟ್ ಟಿಸಿಎಸ್ ಭೂತ ತೋರಿಸಿ ಹೆದರಿಸಿದ್ದಾನೆ. 2025 ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ಸೇ ಇಲ್ಲ, ಬ್ಯಾಂಕ್ ಎಜುಕೇಶನ್ ಲೋನಿಂದ ಫೀಸ್ ಹೋದ್ರೆ ಅದಕ್ಕೂ ಇಲ್ಲ. ಕಟ್ಟಾದ್ರೂ ಅದು ನಿಮ್ಮ ಟ್ಯಾಕ್ಸಿಗೆ ಜಮಾ ಆಗೋ ಹಣ, ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು. ಒಬ್ಬರು ವರ್ಷಕ್ಕೆ 2,50,000 ಡಾಲರ್ ಕಾನೂನುಬದ್ಧವಾಗಿಯೇ ಹೊರಗೆ ಕಳಿಸಬಹುದು, ಅದಕ್ಕಿಂತ ಜಾಸ್ತಿ ಫೀಸ್ ಇರೋ ಕಾಲೇಜ್ ಇದ್ರೆ ನಂಗೂ ಹೇಳಿ.

ಅಂಧೇರಿ_ಆಯಿ
ತುಂಬ ಥ್ಯಾಂಕ್ಸ್ ಇಬ್ಬರಿಗೂ. ಏಜೆಂಟ್ ನಂಬರ್ ಬ್ಲಾಕ್ ಮಾಡಿದೆ.

ವಾಸ್ಕೋ_ವಾಸಿ
ಗೋವಾದಿಂದ ಒಂದು ಮಾತು. ನೀವೆಲ್ಲ ಹತ್ತು ರೂಪಾಯಿ ನೋಟು ಅಂತಿದ್ದೀರಿ, ಹುಡುಗರ ಕಡೆ ನೋಡಿ, ಅವರದ್ದು ಯುಎಸ್‌ಡಿಟಿ. ಡಾಲರಿಗೆ ಸಮ ಇರೋ ಕ್ರಿಪ್ಟೋ ಅದು, ದುಬೈಯಲ್ಲಿ ಕೊಂಡು ಇಲ್ಲಿ ವಾಲೆಟ್ಟಿಗೆ ಬರೋದು ನಿಮಿಷದ ಕೆಲಸ. ಇಲ್ಲಿ ಪಿ2ಪಿ ಅಂತ ಆ್ಯಪ್‌ನಲ್ಲಿ ಯಾರಿಗೋ ಮಾರ್ತಾರೆ, ಅವನು ಯುಪಿಐ ಮಾಡ್ತಾನೆ. ನಮ್ಮ ಪಕ್ಕದ ಬಿಲ್ಡಿಂಗ್ ಹುಡುಗ ಹಾಗೆ ಮಾರಿದ್ದ, ಮಾರ್ಕೆಟ್ ರೇಟಿಗಿಂತ ಮೂರು ರೂಪಾಯಿ ಜಾಸ್ತಿ ಸಿಕ್ತು ಅಂತ ಪಾರ್ಟಿ ಬೇರೆ ಕೊಟ್ಟ. ಆಮೇಲೆ ಸಂಬಳದ ಅಕೌಂಟೇ ಲಾಕ್. ಬೇರೆ ರಾಜ್ಯದ ಯಾರೋ ರಿಟೈರ್ಡ್ ಮೇಷ್ಟ್ರಿಗೆ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ತ ಹಣವಂತೆ ಅದು, ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಾಗ ಹಣ ಯಾವ ಯಾವ ಅಕೌಂಟಿಗೆ ಹೋಗಿದೆಯೋ ಅಲ್ಲೆಲ್ಲ ತಡೆ ಬಿತ್ತು. ಕೇಸು ಇರೋದು ಕಾಣದ ಊರಲ್ಲಿ, ಅಲ್ಲಿಗೆ ಹೋಗಿ ಹೇಳಿಕೆ ಕೊಟ್ಟು ಬಂದ, ಇನ್ನೂ ಪೂರ್ತಿ ಬಿಟ್ಟಿಲ್ಲ. ಮೂರು ರೂಪಾಯಿ ಜಾಸ್ತಿ ಯಾಕೆ ಕೊಡ್ತಿದ್ದಾನೆ ಅಂತ ಅವನು ಕೇಳ್ಲೇ ಇಲ್ಲ ನೋಡಿ, ಕುರ್ಲಾದವರು ಮೇಲೆ ಇಂಪೋರ್ಟರ್ ಬಗ್ಗೆ ಹೇಳಿದ್ದೇ ಲೆಕ್ಕ ಇಲ್ಲೂ.

ಸಿಎ_ಮುಲುಂಡ್
ಹೌದು, ಕ್ರಿಪ್ಟೋ ವ್ಯವಹಾರ ಮಾಡೋ ಸಂಸ್ಥೆಗಳನ್ನ 2023 ಮಾರ್ಚ್‌ನಲ್ಲಿ ಮನಿ ಲಾಂಡರಿಂಗ್ ಕಾನೂನಿನೊಳಗೆ ತಂದ್ರು. ಹಿಂದೆ ಹವಾಲಾದವನ ಬಳಿ ಕ್ಯಾಶ್ ಇರ್ತಿತ್ತು, ಈಗ ಬಾಡಿಗೆ ಅಕೌಂಟ್ ಇರುತ್ತೆ. ಕಾಲೇಜ್ ಹುಡುಗರಿಗೆ ಹತ್ತು ಸಾವಿರ ಕೊಟ್ಟು ಪಾಸ್‌ಬುಕ್ಕು ಎಟಿಎಂ ಕಾರ್ಡು ಸಿಮ್ಮು ಎಲ್ಲ ಇಸ್ಕೊಳ್ತಾರೆ. ಮನೆಯಲ್ಲಿ ಓದೋ ಮಕ್ಕಳಿದ್ರೆ ಇದೊಂದು ಹೇಳಿಡಿ.

ಬ್ಯಾಂಕ್_ಬೇಡ
ಸರಿ ಒಪ್ಕೊಂಡೆ ಇಲ್ಲಿ ಬೇಡ. ಆದ್ರೆ ಪ್ರಪಂಚ ಎಲ್ಲ ಮುಂಬೈ ಅಲ್ಲ. ಸೋಮಾಲಿಯಾದಲ್ಲಿ ಸರ್ಕಾರವೇ ಇಲ್ಲದಿದ್ದಾಗ ಜನ ಬದುಕಿದ್ದು ಹವಾಲಾದಿಂದ. 2001 ನವೆಂಬರ್‌ನಲ್ಲಿ ಅಮೆರಿಕ ಅಲ್ ಬರಕಾತ್ ಅನ್ನೋ ಅವರ ದೊಡ್ಡ ಕಂಪನಿಯನ್ನ ಉಗ್ರರ ಹಣ ಅಂತ ಮುಚ್ಚಿಸ್ತು, ಆಮೇಲೆ ಸಾಬೀತು ಮಾಡೋಕೆ ಆಗ್ಲಿಲ್ಲ, ಅಷ್ಟರಲ್ಲಿ ಹಣ ಇಟ್ಟವರು ಬೀದಿಗೆ. 2013ರಲ್ಲಿ ಬ್ರಿಟನ್ನಿನ ಬಾರ್ಕ್ಲೇಸ್ ಬ್ಯಾಂಕ್ ಸೋಮಾಲಿ ಕಂಪನಿಗಳ ಅಕೌಂಟ್ ಮುಚ್ತೀನಿ ಅಂದಾಗ ಕೋರ್ಟೇ ತಡೆ ಕೊಡ್ಬೇಕಾಯ್ತು. 2021ರಲ್ಲಿ ಕಾಬೂಲ್ ಬಿದ್ದು ಬ್ಯಾಂಕ್ ಎಲ್ಲ ನಿಂತಾಗ ಪರಿಹಾರ ಸಂಸ್ಥೆಯವರೇ ಹವಾಲಾ ಹಿಡಿದು ದುಡ್ಡು ತಲುಪಿಸಿದ್ರು. ಅಲ್ಲಿ ಸರಾಯ್ ಶಹಜಾದಾ ಅಂತ ಮಾರ್ಕೆಟ್ಟೇ ಇದೆ, ಬಹಿರಂಗವಾಗಿ.

ಕುಡ್ಲ_ಟು_ಕುರ್ಲಾ
ಅದಕ್ಕೆ ಯಾರೂ ಇಲ್ಲ ಹೇಳುದಿಲ್ಲ. ಬ್ಯಾಂಕ್ ಇಲ್ಲದಲ್ಲಿ ಅದೇ ಬ್ಯಾಂಕು. ಯುಎಇಯಲ್ಲೇ ಹವಾಲಾದವರು ಸೆಂಟ್ರಲ್ ಬ್ಯಾಂಕಲ್ಲಿ ರಿಜಿಸ್ಟರ್ ಮಾಡ್ಬೇಕು, ಮಾಡಿದವ ರಾಜಾರೋಷ ಕೂತು ವ್ಯಾಪಾರ ಮಾಡ್ತಾನೆ. ಅದೊಂದು ಗೊಂದಲ ನಮ್ಮವರಿಗೆ, ಅಲ್ಲಿ ಬೋರ್ಡ್ ನೋಡಿ ಇಲ್ಲಿಯೂ ಲೀಗಲ್ ಅಂತ ತಿಳ್ಕೊಳ್ಳುದು. ಅಲ್ಲಿಯವನಿಗೆ ಲೈಸೆನ್ಸ್ ಇದ್ರೂ ಮಸ್ಜಿದ್ ಬಂದರಲ್ಲಿ ನೋಟು ಎಣಿಸುವವನಿಗೆ ಇಲ್ಲ.

ನಮ್ಮಲ್ಲೂ ಒಂದು ಕಾಲದಲ್ಲಿ ಬೇರೆ ಗತಿ ಇರ್ಲಿಲ್ಲ ಅಂತ ಹೇಳ್ಬೇಕು. ಎಂಬತ್ತರ ದಶಕದಲ್ಲಿ ಸರ್ಕಾರದ ರೇಟಿಗೂ ಪೇಟೆ ರೇಟಿಗೂ ದೊಡ್ಡ ಅಂತರ, ಡ್ರಾಫ್ಟ್ ಊರಿಗೆ ತಲುಪ್ಲಿಕ್ಕೆ ವಾರಗಟ್ಲೆ. ಕೇರಳದ ಕಡೆ ಇದಕ್ಕೆ ಕುಳಲ್ ಪಣಂ ಅಂತಿದ್ರು, ಮನೆ ಬಾಗಿಲಿಗೇ ಬಂದು ಕೊಟ್ಟು ಹೋಗ್ತಿದ್ರು. ಅದು ಕಡಿಮೆ ಆದದ್ದು ಪೊಲೀಸರಿಂದ ಅಲ್ಲ. 1990ರಲ್ಲಿ ಗೋಲ್ಡ್ ಕಂಟ್ರೋಲ್ ಕಾನೂನು ಹೋಯ್ತು, 1992ರಲ್ಲಿ ಹೊರದೇಶದಿಂದ ಬರುವವರು ಡ್ಯೂಟಿ ಕಟ್ಟಿ 5 ಕಿಲೋದವರೆಗೆ ಚಿನ್ನ ತರಬಹುದು ಅಂತ ಮಾಡಿದ್ರು, 1993ರಲ್ಲಿ ಡಾಲರ್ ರೇಟು ಪೇಟೆಗೇ ಬಿಟ್ರು. ರೇಟಿನ ಅಂತರ ಕರಗಿತು, ಗಿರಾಕಿ ಬ್ಯಾಂಕಿಗೆ ಬಂದ. ಈಗ ಎಕ್ಸ್‌ಚೇಂಜ್ ಹೌಸಿಂದ ಕಳಿಸಿದ್ರೆ ಅದೇ ದಿನ ಜಮಾ ಆಗ್ತದೆ, ಯುಎಇ-ಭಾರತ ದಾರಿ ಜಗತ್ತಿನಲ್ಲೇ ಕಡಿಮೆ ಖರ್ಚಿನದ್ದರಲ್ಲಿ ಒಂದು. ಜಗತ್ತಿನ ಸರಾಸರಿ ನೋಡಿದ್ರೆ 200 ಡಾಲರ್ ಕಳಿಸ್ಲಿಕ್ಕೆ ಆರು ಪರ್ಸೆಂಟಿನ ಮೇಲೆ ಉಂಟು, ಆಫ್ರಿಕಾದವರಿಗೆ ಹವಾಲಾ ಯಾಕೆ ಬೇಕು ಅಂತ ಅದರಲ್ಲೇ ಗೊತ್ತಾಗ್ತದೆ.

ಠಾಕುರ್ಲಿ_ಸ್ಲೋ
ಭಾವನ ಹತ್ರ ಫೋನಲ್ಲಿ ಮಾತಾಡ್ದೆ, ಇದನ್ನೆಲ್ಲ ಓದಿ ಹೇಳ್ದೆ. ಇಂಪೋರ್ಟರ್ ಕತೆ ಕೇಳಿ ಅವ್ರಿಗೂ ಬೇಡ ಅನ್ನಿಸ್ತು, ಅಕ್ಕ ಅಂತೂ ಕಾಂಟ್ರ್ಯಾಕ್ಟರ್‌ಗೆ ಚೆಕ್ ತಗೊಂಡ್ರೆ ತಗೋ ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ ಅಂದುಬಿಟ್ಳು, ಅವನು ತಕ್ಷಣ ಒಪ್ಕೊಂಡ, ಜಿಎಸ್‌ಟಿ ಮಾತ್ರ ಮೇಲೆ ಹಾಕ್ತಾನಂತೆ. ಈಗ ಭಾವನದ್ದು ಎರಡು ಪ್ರಶ್ನೆ. ಮನಿ ಟ್ರಾನ್ಸ್‌ಫರ್ ಕೌಂಟರ್‌ನಲ್ಲಿ ಅಷ್ಟು ದೊಡ್ಡ ಮೊತ್ತ ಆಗಲ್ಲ ಅಂದ್ರಂತೆ, ಯಾಕೆ? ಮತ್ತೆ ಫಾರಂನಲ್ಲಿ ಯಾವ ಕಾರಣಕ್ಕೆ ಅಂತ ಕೇಳಿದ್ರೆ ಏನು ಬರೀಬೇಕು, ಅಕ್ಕನಿಗೆ ಟ್ಯಾಕ್ಸ್ ಬರುತ್ತಾ?

ಸಿಎ_ಮುಲುಂಡ್
ಎರಡು ಬೇರೆ ಬೇರೆ ದಾರಿ ಇದೆ. ನಂಬರ್ ಹೇಳಿ ಇಲ್ಲಿ ಕೌಂಟರ್‌ನಲ್ಲಿ ಇಸ್ಕೊಳ್ಳೋ ಸ್ಕೀಮಿಗೆ ಒಂದು ಸಲಕ್ಕೆ 2,500 ಡಾಲರ್, ಒಬ್ಬರಿಗೆ ವರ್ಷಕ್ಕೆ 30 ಸಲ ಅಂತ ಮಿತಿ, ನಗದು ಕೊಡೋದು 50,000 ರೂಪಾಯಿವರೆಗೆ ಮಾತ್ರ. 25,000 ದಿರ್ಹಮ್ ಅದಕ್ಕಿಂತ ಎಷ್ಟೋ ಜಾಸ್ತಿ. ಭಾವನವರು ಎಕ್ಸ್‌ಚೇಂಜ್ ಹೌಸಲ್ಲಿ ನೇರವಾಗಿ ಅಕೌಂಟ್ ಟ್ರಾನ್ಸ್‌ಫರ್ ಅಂತ ಕೇಳ್ಲಿ, ಮನೆ ಖರ್ಚಿಗೆ ಕಳಿಸೋದಕ್ಕೆ ಅಲ್ಲಿ ರಿಸರ್ವ್ ಬ್ಯಾಂಕಿನ ಮೇಲ್ಮಿತಿ ಇಲ್ಲ, ಆದ್ರೆ ಅಕೌಂಟಿಗೇ ಹೋಗುತ್ತೆ, ಕ್ಯಾಶ್ ಸಿಗಲ್ಲ. ಕಾರಣದ ಜಾಗದಲ್ಲಿ ಕುಟುಂಬದ ನಿರ್ವಹಣೆ, ಕೋಡ್ ಕೇಳಿದ್ರೆ ಪಿ1301. ಗಂಡ ಹೆಂಡತಿಗೆ ಕಳಿಸಿದ್ದಕ್ಕೆ ಅವಳಿಗೆ ಟ್ಯಾಕ್ಸ್ ಇಲ್ಲ. ಅಲ್ಲಿನ ರಸೀದಿ ಪಿಡಿಎಫ್ ಅಕ್ಕನ ಫೋನಿಗೂ ಹಾಕಿಸಿ, ಕಾಂಟ್ರ್ಯಾಕ್ಟರ್ ಬಿಲ್ಲಿನ ಜೊತೆಗೆ ಇಟ್ಕೊಳ್ಲಿ, ಮುಂದೆ ಫ್ಲ್ಯಾಟ್ ಮಾರುವಾಗ ಆ ಖರ್ಚು ತೋರಿಸೋಕೆ ಅದೇ ಬೇಕಾಗೋದು.